ಕ್ಯಾಲೆಂಡರ್ ಇಷ್ಟು ಕೆಳಗ್ಯಾಕೆ? ಮನೆ ಮಾರುವ ಮುನ್ನ ಮಾಡಿಕೊಳ್ಳಬೇಕಾದ ಕೆಲಸ

ವಿಜಯಪುರದ ನಮ್ಮ ಹಳೇ ಮನೆ ಮಾರಬೇಕೆಂದು ತೀರ್ಮಾನವಾದ ವಾರವೇ ನಾನು ಪೇಂಟರನ್ನು ಕರೆಸಿದೆ. ಹತ್ತು ದಿನದಲ್ಲಿ ಮನೆ ಮದುವೆ ಮನೆಯಂತೆ ಹೊಳೆಯಿತು. ಮೂರು ವಾರ ಕಳೆದವು. ಪಡಸಾಲೆಯಲ್ಲಿ ಬಚ್ಚಲಿಗೆ ಅಂಟಿಕೊಂಡಿರುವ ಗೋಡೆಯ ಬಣ್ಣ ಹಪ್ಪಳದಂತೆ ಉಬ್ಬಿತು. ಸೊಂಟದೆತ್ತರಕ್ಕೆ, ಒಂದು ಮೊಳದಷ್ಟು ಅಗಲ. ನೋಡಲು ಬರುವವರಿದ್ದರು. ದೊಡ್ಡದೊಂದು ಕ್ಯಾಲೆಂಡರ್ ತಂದು ಅದರ ಮೇಲೆ ನೇತು ಹಾಕಿದೆ.

ಬಂದವರಲ್ಲಿ ಒಬ್ಬ ಅಜ್ಜಿ ಇದ್ದರು. ಮಗ, ಸೊಸೆ ಅಡುಗೆಮನೆ ನೋಡುತ್ತಿದ್ದರೆ ಅವರು ಪಡಸಾಲೆಯಲ್ಲೇ ನಿಂತರು. "ತಮ್ಮಾ, ಕ್ಯಾಲೆಂಡರ್ ಇಷ್ಟು ಕೆಳಗ್ಯಾಕ ಹಾಕೀ? ಕುಂತು ತಿಥಿ ನೋಡ್ತೀರೇನು?" ಅಂದರು. ಕ್ಯಾಲೆಂಡರ್ ಎತ್ತಿದರು. ಅಂಗೈ ಒತ್ತಿ ನೋಡಿದರು. ಆಮೇಲೆ ಅಂಗೈ ಮೂಸಿದರು. ಚಹಾ ಕುಡಿದು ಹೋದವರು ಮತ್ತೆ ಫೋನ್ ಮಾಡಲಿಲ್ಲ. ನಮ್ಮ ಏಜಂಟ್ ಆಮೇಲೆ ಹೇಳಿದ: "ಸರ, ಗ್ವಾಡಿ ಹಸಿ ಇದ್ರ ನಡೀತೈತ್ರಿ. ಮುಚ್ಚಿಟ್ರ, ಇನ್ನ ಏನೇನ್ ಮುಚ್ಚಿಟ್ಟಾರೋ ಅಂತಾರ್ರಿ."

ಮನೆ ಹೋಗಿದ್ದು ಮರುವರ್ಷ. ಆ ಒಂದು ವರ್ಷದಲ್ಲಿ ಕಲಿತಿದ್ದನ್ನು ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವ ಕ್ರಮದಲ್ಲೇ ಹೇಳುತ್ತೇನೆ. ಬಣ್ಣ ಕೊನೆಗೆ ಬರುತ್ತದೆ.

ಮೊದಲು ಗೇಟಿನಿಂದ ಒಳಗೆ ಬನ್ನಿ

ಒಂದು ನೋಟ್‌ಬುಕ್ ಹಿಡಿದು, ಚಪ್ಪಲಿ ಹಾಕಿಕೊಂಡು ರಸ್ತೆಗೆ ಹೋಗಿ. ಹೊಸಬರ ಹಾಗೆ ಗೇಟ್ ತೆಗೆದು ಬನ್ನಿ. ಗೇಟ್ ಕಿರ್ರೆನ್ನುತ್ತದೆಯಾ? ಪಾವಟಿಗೆ ಒಡೆದಿದೆಯಾ? ಬಾಗಿಲು ತೆಗೆದ ಕೂಡಲೇ ಏನು ವಾಸನೆ ಬರುತ್ತದೆ? ಇದ್ದವರಿಗೆ ಮನೆಯ ವಾಸನೆ ಗೊತ್ತಾಗುವುದಿಲ್ಲ. ಅದಕ್ಕೇ ಮುಖದ ಮೇಲೆ ಹೊಡೆದ ಹಾಗೆ ಮಾತಾಡುವ ಸಂಬಂಧಿಕರೊಬ್ಬರನ್ನು ಕರೆದುಕೊಂಡು ಬನ್ನಿ. ಅಂಥವರು ಎಲ್ಲರ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ, ಅಲ್ವಾ? ಅವರು ಹೇಳಿದ್ದನ್ನೆಲ್ಲ ಬರೆದುಕೊಳ್ಳಿ. ವಾದ ಮಾಡಬೇಡಿ.

ನೀರು ಎಲ್ಲಿಂದ ಬರುತ್ತಿದೆ

ಜಾಸ್ತಿ ಸಮಯ, ಜಾಸ್ತಿ ದುಡ್ಡು ಹೋಗಬೇಕಾದ್ದು ಇಲ್ಲಿಗೇ. ಗೋಡೆ ಹಸಿಯಾಗಿದ್ದರೆ ಮೊದಲು ಮೂಲ ಹುಡುಕಿ. ಸುಲಭದ ಪರೀಕ್ಷೆಯೊಂದಿದೆ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆ ಕಡೆ ಹನಿ ಕೂತಿದ್ದರೆ ನೀರು ಗೋಡೆಯೊಳಗಿಂದಲೇ ಬರುತ್ತಿದೆ. ಹೊರಮೈಯಲ್ಲಿ ಕೂತಿದ್ದರೆ ಕೋಣೆಗೆ ಗಾಳಿ ಸಾಲದು, ಅಷ್ಟೇ.

ನಮ್ಮ ಗೋಡೆಯ ಗಿಲಾವು, ಅಂದರೆ ಪ್ಲಾಸ್ಟರ್, ಕೆತ್ತಿಸಿದಾಗ ಬಚ್ಚಲಿನ ಹಳೇ ಕಬ್ಬಿಣದ ಪೈಪ್ ಸಿಕ್ಕಿತು. ಪೈಪ್ ತಿರುಗುವ ಮೊಣಕೈ ಜೋಡಣೆಯಲ್ಲಿ ತುಕ್ಕು ತಿಂದು ಸೂಜಿಮೊನೆಯಷ್ಟು ತೂತು ಬಿದ್ದಿತ್ತು. ಎಷ್ಟು ವರ್ಷದಿಂದ ಹನಿಯುತ್ತಿತ್ತೋ ಏನೋ. ಪೈಪ್ ಬದಲಿಸಿ, ಗೋಡೆಯನ್ನು ಒಂದು ತಿಂಗಳು ಹಾಗೇ ಬರಿಮೈಯಲ್ಲಿ ಒಣಗಲು ಬಿಟ್ಟೆವು. ಹೊಸ ಗಿಲಾವು ಮಾಡಿಸಿದರೂ 28 ದಿನ ಬಿಟ್ಟೇ ಬಣ್ಣ ಹಚ್ಚಬೇಕು. ಹಸಿ ಗೋಡೆಯ ಮೇಲೆ ಪುಟ್ಟಿ ಎಳೆದರೆ ಅದು ಹೊಪ್ಪಳಿಕೆ ಎದ್ದು ಬೀಳುತ್ತದೆ. ಬಿಳಿ ಉಪ್ಪು ಬಿಟ್ಟಿದ್ದರೆ ಒಣ ಬ್ರಷ್‌ನಲ್ಲಿ ಉಜ್ಜಿ ಉದುರಿಸಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ.

ಇನ್ನು ಮಾಳಿಗೆ. ಕಾಂಕ್ರೀಟ್ ಮಾಳಿಗೆಯಾದರೆ ಮಳೆನೀರಿನ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಎರಡು ಇಂಚು ನೀರು ನಿಲ್ಲಿಸಿ, ಒಂದೆರಡು ದಿನ ಬಿಟ್ಟು ಒಳಗಿನ ಸೂರು ನೋಡಬೇಕು ಎನ್ನುತ್ತಾರೆ. ಸರಿ. ಆದರೆ ಲೆಕ್ಕ ಹಾಕಿ. 1000 ಚದರ ಅಡಿ ಮಾಳಿಗೆಗೆ ಎರಡು ಇಂಚು ಅಂದರೆ ಸುಮಾರು 4,700 ಲೀಟರ್. ನಮ್ಮೂರಲ್ಲಿ ಏಪ್ರಿಲ್ ತಿಂಗಳಲ್ಲಿ ಅಷ್ಟು ನೀರು ಮಾಳಿಗೆಗೆ ಸುರಿದರೆ ಅಕ್ಕಪಕ್ಕದವರು ಮಾತು ಬಿಡುತ್ತಾರೆ. ಅದಕ್ಕೆ ನಮ್ಮ ಗೌಂಡಿ ಅನುಮಾನ ಇದ್ದ ಮೂಲೆಗೆ ಮಾತ್ರ ಮಣ್ಣಿನ ಸಣ್ಣ ಒಡ್ಡು ಕಟ್ಟಿ ಎಂಟು ಕೊಡ ನೀರು ನಿಲ್ಲಿಸಿದ. ಸಾಕಾಯಿತು. ಹಳೇ ಕಾಲದ ಜಂತಿ, ಮಣ್ಣಿನ ಮಾಳಿಗೆಯಾದರೆ ಈ ಪರೀಕ್ಷೆ ಬೇಡವೇ ಬೇಡ. ಮಣ್ಣು ನೀರು ಕುಡಿದು ಭಾರವಾದರೆ ಜಂತಿ ತಡೆಯಲಿಕ್ಕಿಲ್ಲ.

ಸೀಳು ಸಿಕ್ಕರೆ ಮೇಲೆ ಸಿಮೆಂಟ್ ಹಾಲು ಸವರಿ ಬಿಡಬೇಡಿ. ಉಳಿಯಿಂದ ಇಂಗ್ಲಿಷಿನ ವಿ ಅಕ್ಷರದ ಹಾಗೆ ಅಗಲಿಸಿ, ಧೂಳು ತೆಗೆದು, ಪಾಲಿಮರ್ ಬೆರೆಸಿದ ಗಾರೆ ತುಂಬಿಸಬೇಕು. ಮಾಳಿಗೆ ಮತ್ತು ಮೇಲಿನ ಗಿಡ್ಡ ಗೋಡೆ ಕೂಡುವ ಮೂಲೆಯಲ್ಲೇ ಬಹಳ ಸಲ ನೀರು ಇಳಿಯುವುದು. ಅಲ್ಲಿ ಗಾರೆಯನ್ನು ಇಳಿಜಾರಾಗಿ ಮೆತ್ತಿಸಿ. ಅದರ ಮೇಲೆ ನೀರು ತಡೆಯುವ ಲೇಪ ಎರಡು ಸಲ. ಬಿಳಿಯ ಲೇಪ ಆರಿಸಿಕೊಂಡರೆ ಬಿಸಿಲಿನ ಕಾವೂ ಒಂದಿಷ್ಟು ಕಡಿಮೆಯಾಗುತ್ತದೆ.

ಇದನ್ನೆಲ್ಲ ಮೇ ತಿಂಗಳೊಳಗೆ ಮುಗಿಸಿ. ವಿಜಯಪುರದಲ್ಲಿ ಮಳೆಯ ಜೋರು ಸೆಪ್ಟೆಂಬರ್‌ನಲ್ಲಿ. ಆ ಮಳೆಯೇ ಪುಕ್ಕಟೆ ಪರೀಕ್ಷೆ. ಅದರಲ್ಲಿ ಪಾಸಾದ ಮನೆಗೆ ಬಣ್ಣ ಹಚ್ಚಿ ದಸರಾ, ದೀಪಾವಳಿ ಹೊತ್ತಿಗೆ ತೋರಿಸಿ. ಜನ ಹೇಗೂ ಆಷಾಢದಲ್ಲಿ, ಪಿತೃಪಕ್ಷದಲ್ಲಿ ಮನೆ ಮಾತು ಎತ್ತುವುದು ಕಡಿಮೆ. ವಿಜಯದಶಮಿ, ಪಾಡ್ಯ ಬಂತೆಂದರೆ ಫೋನ್ ಶುರು.

ಎರೆ ಮಣ್ಣಿನ ಬಿರುಕು

ವಿಜಯಪುರ, ಬಾಗಲಕೋಟೆ ಕಡೆ ಎರೆ ಮಣ್ಣಿನ ಮೇಲೆ ಕಟ್ಟಿದ ಮನೆಗಳಿಗೆ ಇದೊಂದು ಹುಟ್ಟುಗುಣ. ಎರೆ ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಾಯಿ ಬಿಡುತ್ತದೆ. ಮೇಲಿನ ಗೋಡೆ ಪಾಪ ಏನು ಮಾಡೀತು? ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುತ್ತದೆ. ನಮ್ಮ ಅಡುಗೆಮನೆ ಕಿಟಕಿಯ ಮೇಲಿನ ಬಿರುಕಿನಲ್ಲಿ ಮೇ ತಿಂಗಳಲ್ಲಿ ಪೋಸ್ಟ್ ಕಾರ್ಡ್ ತೂರುತ್ತಿತ್ತು. ಅಕ್ಟೋಬರ್‌ನಲ್ಲಿ ಬ್ಲೇಡ್ ಕೂಡ ಹೋಗುತ್ತಿರಲಿಲ್ಲ.

ಬರೀ ಕೂದಲೆಳೆಯಷ್ಟು ಸಣ್ಣ ಗೆರೆಗಳು ಗಿಲಾವಿನವು. ಅವಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ದೊಡ್ಡದಾದರೆ ಬಿರುಕಿನ ಎರಡೂ ಬದಿಗೆ ಪೆನ್ಸಿಲ್ ಗುರುತು ಹಾಕಿ, ನಡುವಿನ ಅಂತರ ಅಳೆದು ತಾರೀಖು ಬರೆದಿಡಿ. ತಿಂಗಳಿಗೊಮ್ಮೆ ಅಳೆಯಿರಿ. 5 ಮಿಲಿಮೀಟರಿಗಿಂತ ಅಗಲವಿದ್ದರೆ, ಗೋಡೆಯ ಎರಡೂ ಮೈಯಲ್ಲಿ ಒಂದೇ ಜಾಗದಲ್ಲಿ ಕಂಡರೆ, ಅಥವಾ ಬಾಗಿಲು ಚೌಕಟ್ಟಿಗೆ ಕೂಡದೆ ಸಿಕ್ಕಿಕೊಳ್ಳುತ್ತಿದ್ದರೆ ಸಿವಿಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿ. ಅವರು ಬರೆದುಕೊಟ್ಟ ಒಂದು ಹಾಳೆ ನಿಮ್ಮ ಹತ್ತು ಮಾತಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಬಿರುಕು ತುಂಬುವ ಮೊದಲು ಪಾಯಕ್ಕೆ ನೀರು ಹೋಗುವುದನ್ನು ನಿಲ್ಲಿಸಬೇಕು. ಮಾಳಿಗೆಯ ಪೈಪ್ ಗೋಡೆ ಬುಡಕ್ಕೇ ಸುರಿಯುತ್ತಿದ್ದರೆ ಅದನ್ನು ದೂರಕ್ಕೆ ತಿರುಗಿಸಿ. ಗೋಡೆಯ ಸುತ್ತ ಎರಡು ಮೂರು ಅಡಿ ಅಗಲಕ್ಕೆ ಫರಸಿ ಕಲ್ಲು ಹಾಕಿಸಿ, ಹೊರಕ್ಕೆ ಇಳಿಜಾರಿರಲಿ. ಆಮೇಲೆ ಬಿರುಕಿಗೆ ಎಳೆದರೆ ಹಿಗ್ಗುವ ಜಾತಿಯ ಫಿಲ್ಲರ್ ತುಂಬಿಸಿ. ಗಟ್ಟಿ ಸಿಮೆಂಟ್ ತುಂಬಿದರೆ ಮುಂದಿನ ಬೇಸಿಗೆಗೆ ಅದೇ ಗೆರೆ ಮತ್ತೆ ಹಾಜರ್.

ಫರಸಿಗೆ ಆಸಿಡ್ ಹಾಕಬೇಡಿ

ನಮ್ಮ ಕಡೆ ಹಳೇ ಮನೆಗಳ ನೆಲ ಶಹಾಬಾದ್ ಫರಸಿ. ಅದು ಸುಣ್ಣದ ಕಲ್ಲು. ಬಚ್ಚಲು ತೊಳೆಯುವ ಆಸಿಡ್ ಬಿದ್ದರೆ ಬುರುಗು ಬಂದು ಕಲ್ಲಿನ ಮೈಯನ್ನೇ ತಿನ್ನುತ್ತದೆ. ಲಿಂಬಿ ಹಣ್ಣಿನ ರಸ ಬಿದ್ದರೂ ಕಲೆ ನಿಲ್ಲುತ್ತದೆ. ನಾನು ಒಂದು ಕೋಣೆ ಹಾಗೇ ಕೆಡಿಸಿದೆ. ಆಮೇಲೆ ಪಾಲಿಶ್ ಮಷಿನ್ ತರಿಸಬೇಕಾಯಿತು. ಬಟ್ಟೆ ಸಾಬೂನಿನ ನೀರು, ಗಟ್ಟಿ ಬ್ರಷ್, ಮೊಣಕಾಲು ನೋವು. ಇವಿಷ್ಟು ಸಾಕು. ಸಂದಿಗಳಿಗೆ ಹೊಸ ಸಿಮೆಂಟ್ ತುಂಬಿಸಿದರೆ ನೆಲ ಹತ್ತು ವರ್ಷ ಚಿಕ್ಕದಾಗಿ ಕಾಣುತ್ತದೆ. ಫರಸಿ ಕಿತ್ತು ಟೈಲ್ಸ್ ಹಾಕಿಸುವ ಯೋಚನೆ ಬಿಡಿ. ನೀವು ಆರಿಸಿದ ಟೈಲ್ಸ್ ಕೊಳ್ಳುವವರಿಗೆ ಸೇರಬೇಕಲ್ಲ.

ಬೋರ್ ನೀರಿನ ಬಿಳಿ ಗಟ್ಟಿ ಪದರ ನಳದ ಮೇಲೆ ಕೂತಿದ್ದರೆ ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು ನೀರಲ್ಲಿ ಕರಗಿಸಿ, ಬಟ್ಟೆ ಅದ್ದಿ, ನಳಕ್ಕೆ ಅರ್ಧ ಗಂಟೆ ಸುತ್ತಿಡಿ. ಆ ನೀರು ಫರಸಿಗೆ ಬೀಳದಂತೆ ಕೆಳಗೊಂದು ಬಕೆಟ್ ಇರಲಿ. ಇನ್ನೊಂದು ಮಾತು: ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಟ್ಟಿಗೆ ಎಂದೂ ಬಳಸಬೇಡಿ. ವಿಷದ ಗಾಳಿ ಏಳುತ್ತದೆ. ಕಮೋಡಿನ ಫ್ಲಶ್ ಸೋರುತ್ತಿದೆಯೋ ಎಂದು ತಿಳಿಯಲು ಮೇಲಿನ ತೊಟ್ಟಿಗೆ ಚಿಟಿಕೆ ಅಡುಗೆ ಬಣ್ಣ ಹಾಕಿ ಅರ್ಧ ಗಂಟೆ ಬಿಡಿ. ಕೆಳಗೆ ಬಣ್ಣ ಇಳಿದಿದ್ದರೆ ವಾಷರ್ ಹೋಗಿದೆ.

ಕಟ್ಟಿಗೆ, ಕರೆಂಟು

ಚೌಕಟ್ಟಿನ ಬುಡವನ್ನು ಸ್ಕ್ರೂಡ್ರೈವರ್ ಹಿಡಿಕೆಯಿಂದ ತಟ್ಟಿ. ಡಬ್ಬಿಯಂತೆ ಸದ್ದು ಬಂದರೆ ಗೆದ್ದಲು ಒಳಗಿದೆ. ಔಷಧ ಹೊಡೆಯುವವರು ಗೋಡೆ ಬುಡದಲ್ಲಿ ಒಂದೊಂದು ಅಡಿಗೆ ತೂತು ಕೊರೆದು ಔಷಧ ಇಳಿಸುತ್ತಾರೆ. ರಸೀದಿ ಇಟ್ಟುಕೊಳ್ಳಿ. ಕಪ್ಪಾದ ಸ್ವಿಚ್ ಬೋರ್ಡ್‌ಗಳನ್ನು ಬದಲಿಸಿ, ಕಡಿಮೆ ಖರ್ಚು. ಎಲ್ಲ ಬಲ್ಬ್ ಉರಿಯುತ್ತಿರಲಿ.

ಈಗ ಬಣ್ಣ

ಹಳೇ ಸುಣ್ಣದ ಮೇಲೆ ಸೀದಾ ಎಮಲ್ಷನ್ ಹೊಡೆದರೆ ಪದರ ಪದರವಾಗಿ ಏಳುತ್ತದೆ. ಮೊದಲು ಕೆರೆಸಿ, ಪ್ರೈಮರ್ ಹಚ್ಚಿಸಿ, ಆಮೇಲೆ ಎರಡು ಸಲ ಬಣ್ಣ. ಹಾಲಿನ ಕೆನೆ ಬಣ್ಣವೋ ತಿಳಿ ಬಿಳಿಯೋ ಸಾಕು. ನಮ್ಮ ಮಲಗುವ ಕೋಣೆ ಗಿಳಿಹಸಿರಾಗಿತ್ತು. ತಂದೆಯ ಇಷ್ಟ. ನೋಡಲು ಬಂದ ಹುಡುಗನೊಬ್ಬ ಫೋನಿನಲ್ಲಿ ಫೋಟೊ ತೆಗೆದು ನಕ್ಕಿದ್ದನ್ನು ನಾನೇ ನೋಡಿದೆ. ಹೊರಗೆ ಪೂರ್ತಿ ಹೊಡೆಸಲು ದುಡ್ಡಿಲ್ಲದಿದ್ದರೆ ಗೇಟ್, ಮುಂಬಾಗಿಲು, ಕಿಟಕಿ ಸರಳು ಮಾತ್ರ ಮಾಡಿಸಿ. ವಾಸ್ತು ನೆಪದಲ್ಲಿ ಏನನ್ನೂ ಒಡೆಯಬೇಡಿ. ಕೊಳ್ಳುವವರ ವಾಸ್ತು ಪಂಡಿತರು ಬೇರೆಯೇ ಹೇಳುತ್ತಾರೆ.

ಅಟ್ಟ ಇಳಿಸಿ

ಮದುವೆಗೆ ಬಂದ ನಾಲ್ಕು ಕುಕ್ಕರ್, ಟ್ರಂಕು, ಮುರಿದ ತೊಟ್ಟಿಲು, 20 ವರ್ಷದ ರದ್ದಿ. ಗುಜರಿಯವರನ್ನು ಒಂದಲ್ಲ, ಎರಡು ಸಲ ಕರೆಯಿರಿ. ಮೊದಲ ಸಲ ಯಾವುದನ್ನೂ ಕೊಡಲು ಮನಸ್ಸು ಬರುವುದಿಲ್ಲ. ನೆಲ ಕಂಡಷ್ಟೂ ಕೋಣೆ ದೊಡ್ಡದು. ಆದರೆ ಮನೆಯನ್ನು ಲಾಡ್ಜಿನಂತೆ ಖಾಲಿ ಮಾಡಬೇಡಿ. ದೇವರ ಜಗುಲಿಯಲ್ಲಿ ದೀಪ ಇರಲಿ.

ತೋರಿಸುವ ದಿನ

ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಯಾರನ್ನೂ ಕರೆಯಬೇಡಿ. ಬೆಳಿಗ್ಗೆ ಎಂಟರಿಂದ ಹತ್ತು ಒಳ್ಳೆಯ ಹೊತ್ತು. ಕಿಟಕಿ ತೆಗೆದಿಡಿ. ಅಡುಗೆಮನೆಯಲ್ಲಿ ಒಗ್ಗರಣೆ ಆ ಹೊತ್ತಿಗೆ ಬೇಡ.

ನಮ್ಮೂರಲ್ಲಿ ಮೊದಲ ಪ್ರಶ್ನೆ ಒಂದೇ. "ನಳ ಎಷ್ಟು ದಿನಕ್ಕೊಮ್ಮೆ ಬರ್ತಾವ್ರಿ?" ಇದಕ್ಕೆ ಸುಮ್ನೆ "ನೀರಿಗೇನೂ ತೊಂದ್ರಿ ಇಲ್ರಿ" ಅನ್ನಬೇಡಿ. ಯಾರೂ ನಂಬುವುದಿಲ್ಲ. ನಳ ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು, ಬೋರ್ ಎಷ್ಟು ಅಡಿ, ಮೋಟಾರ್ ಎಷ್ಟು ಎಚ್‌ಪಿ, ಸಂಪ್ ಎಷ್ಟು ಲೀಟರ್ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಕೇಳಿದರೆ ಮೋಟಾರ್ ಹಾಕಿ ತೋರಿಸಿ.

ಕಾಗದಗಳೂ ಒಂದೇ ಫೈಲಿನಲ್ಲಿರಲಿ. ಮಾಲೀಕರ ಹೆಸರಿರುವ ಸಿಟಿ ಸರ್ವೆ ಉತಾರ, ಇ-ಖಾತಾ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ತೆಗೆದ ಋಣಭಾರ ಪತ್ರ (ಇ.ಸಿ.), ತೆರಿಗೆ ರಸೀದಿ, ನಳದ ಬಿಲ್, ಹೆಸ್ಕಾಂ ಕರೆಂಟ್ ಬಿಲ್. ಉತಾರದಲ್ಲಿ ಇನ್ನೂ ತೀರಿಹೋದವರ ಹೆಸರೇ ಇದ್ದರೆ ವಾರಸುದಾರರ ಹೆಸರು ಹಚ್ಚಿಸುವ ಕೆಲಸ ಗೌಂಡಿಯನ್ನು ಕರೆಯುವ ಮೊದಲೇ ಶುರುವಾಗಲಿ. ಮುಂಗಡ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಆದರೆ ನಗದು ಮುಟ್ಟಬೇಡಿ. ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ಬ್ಯಾಂಕಿನ ಮೂಲಕವೇ ಬರಲಿ.

ಎರಡನೇ ಸುತ್ತಿನಲ್ಲಿ ನಾನು ಆ ಪಡಸಾಲೆ ಗೋಡೆಗೆ ಏನನ್ನೂ ನೇತು ಹಾಕಲಿಲ್ಲ. ಬಂದವರಿಗೆ ನಾನಾಗಿಯೇ ಹೇಳುತ್ತಿದ್ದೆ, ಇಲ್ಲಿ ಪೈಪ್ ಸೋರುತ್ತಿತ್ತು ಅಂತ. ಗೋಡೆ ಕೆತ್ತಿಸಿದಾಗ ತೆಗೆದ ಫೋಟೊ, ತುಕ್ಕು ತಿಂದ ಪೈಪಿನ ತುಂಡು ಎರಡನ್ನೂ ತೋರಿಸುತ್ತಿದ್ದೆ. ಮನೆ ಕೊಂಡವರು ಆ ತುಂಡನ್ನು ಕೈಯಲ್ಲಿ ಹೊರಳಿಸಿ ನೋಡಿ, "ಬಾಕಿ ಪೈಪ್ ಯಾವಾಗಿನವ್ರಿ?" ಎಂದು ಕೇಳಿದರು. ಹಳೆಯವೇ ಎಂದೆ. ಅದಕ್ಕೆ ಒಂದಿಷ್ಟು ರೊಕ್ಕ ಕಡಿಮೆ ಮಾಡಿಸಿಕೊಂಡರು. ವ್ಯವಹಾರ ಮುರಿಯಲಿಲ್ಲ.

ಕೊನೆಗೊಂದು ಕೆಲಸ. ಫ್ಯಾನ್, ಗೀಸರ್, ಇನ್ವರ್ಟರ್, ಮೋಟಾರ್, ಮಾಳಿಗೆ ಮೇಲಿನ ಟ್ಯಾಂಕ್ ಇವುಗಳಲ್ಲಿ ಯಾವುದು ಮನೆಯ ಜೊತೆ, ಯಾವುದು ನಿಮ್ಮ ಜೊತೆ ಎಂದು ಕರಾರು ಪತ್ರದಲ್ಲೇ ಬರೆಸಿ. ಒಯ್ಯುವಂಥದ್ದನ್ನು ಮನೆ ತೋರಿಸುವ ಮೊದಲೇ ಕಿತ್ತಿಟ್ಟರೆ ಇನ್ನೂ ಒಳ್ಳೆಯದು. ನಮ್ಮವ್ವನ ಒಳಕಲ್ಲು ಹಿತ್ತಲಲ್ಲಿ ನೆಲಕ್ಕೇ ಕೂಡಿಸಿದ್ದಾಗಿತ್ತು. ಪಟ್ಟಿಯಲ್ಲಿ ಅದನ್ನು ಬರೆಯಲು ಯಾರಿಗೂ ಹೊಳೆಯಲಿಲ್ಲ. ಈಗಲೂ ಅಲ್ಲೇ ಇದೆ.