ಎರಡನೇ ಆಲ್ಬಮ್‌ಗೆ ಹನ್ನೊಂದು ಕೂಟ: ನನ್ನ ಅನುಭವ

ಲಿಂಕ್ ಕಳಿಸಿದರೆ ವಿಮರ್ಶೆ ಬರುವುದಿಲ್ಲ. ಇಷ್ಟು ಕಲಿಯಲು ನನಗೆ ಮೂರು ವರ್ಷ ಬೇಕಾಯಿತು, ಸುಮಾರು 1,60,000 ರೂಪಾಯಿಯೂ ಹೋಯಿತು. ಈಗ ಎರಡನೇ ಆಲ್ಬಮ್‌ಗೆ ಒಂಬತ್ತು ವಿಮರ್ಶೆ ಬಂದಿದೆ. ಕನ್ನಡದಲ್ಲಿ ಐದು, ಮಲಯಾಳದಲ್ಲಿ ಮೂರು, ಇಂಗ್ಲಿಷಿನಲ್ಲಿ ಒಂದು. ನಮ್ಮ ಗಡಿನಾಡಿನ ಒಬ್ಬ ರ‍್ಯಾಪರ್‌ಗೆ ಇದು ಸಣ್ಣ ಸಂಗತಿ ಅಲ್ಲ. ಜನರನ್ನು ಕೂಡಿಸಿ, ಎದುರಿಗೆ ಕೂರಿಸಿ ಆಲ್ಬಮ್ ಕೇಳಿಸುವ ಕೂಟಗಳಿಂದ ಬಂತು. ಹೇಗೆ ಎಂದು ತುಂಬಾ ಜನ ಕೇಳುತ್ತಿದ್ದಾರೆ, ಹಾಗಾಗಿ ಬರೆಯುತ್ತಿದ್ದೇನೆ.

ನನ್ನ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮೊದಲ ಆಲ್ಬಮ್‌ನಲ್ಲಿ ಏಳು ಹಾಡು ಇತ್ತು, ಎಲ್ಲವೂ ಟ್ರ್ಯಾಪ್ ಎನ್ನುವ ರ‍್ಯಾಪ್ ಶೈಲಿಯದ್ದು. ಬೀಟ್‌ಗಳನ್ನು ಲೀಸ್‌ಗೆ ತೆಗೆದುಕೊಂಡಿದ್ದೆ, ಒಂದಕ್ಕೆ ಎರಡು ಎರಡೂವರೆ ಸಾವಿರ ಕೊಟ್ಟ ನೆನಪು. ನಲವತ್ತು ಜನ ಬರಹಗಾರರಿಗೆ ಲಿಂಕ್ ಕಳಿಸಿದೆ. ಮೂರು ಉತ್ತರ ಬಂತು. ಎರಡರಲ್ಲಿ ಬರೀ ಶುಭಾಶಯ. ಮೂರನೆಯವರು ಮುಂಬೈ ಹುಡುಗರ ನಕಲು ಎಂದು ಒಂದೇ ಸಾಲು ಬರೆದಿದ್ದರು. ಆ ಸಾಲು ನನ್ನನ್ನು ತಿಂಗಳುಗಟ್ಟಲೆ ಕಾಡಿತು. ಯಾಕೆಂದರೆ ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆಗೆ ನಮ್ಮ ಮನೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಚಿಕ್ಕಂದಿನಿಂದ ಯಕ್ಷಗಾನದ ಆಟ ನೋಡಿ ಬೆಳೆದವನು ನಾನು. ಚೆಂಡೆಯ ಪೆಟ್ಟು ಕಿವಿಯಲ್ಲೇ ಇರುವಾಗ ಯಾರದ್ದೋ ಬೀಟಿಗೆ ಬಾಡಿಗೆ ಕೊಟ್ಟಿದ್ದೆ.

ಎರಡನೆಯದಕ್ಕೆ ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ತೆಂಕುತಿಟ್ಟಿನ ಹಿಮ್ಮೇಳವನ್ನೇ, ಅಂದರೆ ಭಾಗವತರ ಹಾಡು, ಚೆಂಡೆ, ಮದ್ದಳೆಯನ್ನೇ ತರುವುದು ಎಂದು ನಿಶ್ಚಯ ಮಾಡಿದೆ. ಮೊದಲ ಪ್ರಯತ್ನ ಪೂರ್ತಿ ಹಾಳು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ ಚೆಂಡೆಯ ಝಂಪೆ ತಾಳವನ್ನು ಕತ್ತರಿಸಿ, ಎಳೆದು, ನಾಲ್ಕು ಬೀಟಿನ ಲೂಪಿಗೆ ತುಂಬಿದೆ. ನಮ್ಮ ಊರಿನ ಭಾಗವತರಿಗೆ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ, "ಇದು ಝಂಪೆ ಅಲ್ಲ ಮಾರಾಯ, ಝಂಪೆಯ ಕೈಕಾಲು ಮುರಿದು ಚೀಲಕ್ಕೆ ತುಂಬಿಸಿದ್ದು" ಅಂದರು. ನನ್ನ ರ‍್ಯಾಪ್ ಗೆಳೆಯರಿಗೆ ಕೇಳಿಸಿದರೆ ಅವರು ಚೆಂಡೆ ತೆಗಿ, ತಲೆ ನೋಯ್ತದೆ ಎಂದರು. ಎರಡೂ ಕಡೆಯಿಂದ ಪೆಟ್ಟು. ಐದು ಹಾಡು ಅಳಿಸಿದೆ.

ಆಮೇಲೆ ಲೆಕ್ಕ ಕೂಡಿತು. ಝಂಪೆ ಹತ್ತು ಅಕ್ಷರದ್ದು. ಅದನ್ನು ನಾಲ್ಕಕ್ಕೆ ತುರುಕಬಾರದು, ಕಂಪ್ಯೂಟರಿನ ಪ್ರಾಜೆಕ್ಟನ್ನೇ ಐದು-ನಾಲ್ಕಕ್ಕೆ, ಅಂದರೆ ಬಾರ್‌ಗೆ ಐದು ಬೀಟಿಗೆ ಇಡಬೇಕು, ಎರಡು ಅಕ್ಷರಕ್ಕೆ ಒಂದು ಬೀಟು. ಒಂದು ಆವರ್ತಕ್ಕೆ ಒಂದು ಬಾರ್. ಎಲ್ಲಿ 808 ಬೇಸ್ (ಡ್ರಮ್ ಮಷೀನಿನ ಆಳದ ದನಿ) ನಾಲ್ಕರಲ್ಲೇ ಹೋಗಬೇಕೋ ಅಲ್ಲಿ ಇಪ್ಪತ್ತು ಬೀಟು ಕಾಯಬೇಕು. ಝಂಪೆಯ ನಾಲ್ಕು ಆವರ್ತ, ಬೇಸಿನ ಐದು ಬಾರ್, ಎರಡೂ ಇಪ್ಪತ್ತಕ್ಕೆ ಬಂದು ಒಟ್ಟಿಗೆ ಬೀಳುತ್ತವೆ. ಆ ಬೀಳುವ ಜಾಗದಲ್ಲಿ ಚೆಂಡೆಯ ಬಿಡ್ತಿಗೆ, ಅಂದರೆ ಪೆಟ್ಟುಗಳ ಒಂದು ಜೋಡಣೆ ಇಟ್ಟೆ. ಮೊದಲ ಸಲ ಅದು ಕೂಡಿದಾಗ ರಾತ್ರಿ ಎರಡು ಗಂಟೆ. ಅಂಗಳಕ್ಕೆ ಹೋಗಿ ಸುಮ್ನೆ ನಿಂತೆ, ಮೈಯೆಲ್ಲ ಜುಮ್ ಅನ್ನುತ್ತಿತ್ತು.

ಮಾತು ಕೂರಿಸುವುದು ಇನ್ನೂ ಕಷ್ಟ ಆಯಿತು. ನಾಲ್ಕರಲ್ಲಿ ಬರೆದು ರೂಢಿ ಆದವರಿಗೆ ಐದರಲ್ಲಿ ಉಸಿರು ಸಿಗುವುದಿಲ್ಲ. ಆಗ ಶಾಲೆಯಲ್ಲಿ ಕಲಿತ ಛಂದಸ್ಸು ನೆನಪಾಯಿತು. ಲಲಿತ ರಗಳೆ ಐದೈದು ಮಾತ್ರೆಯ ಗಣ ಅಲ್ವಾ? ಸಾಲಿಗೆ ನಾಲ್ಕು ಗಣ, ಇಪ್ಪತ್ತು ಮಾತ್ರೆ. ಝಂಪೆಗೆ ಅದು ತಾನಾಗಿ ಕೂತಿತು. ಭಾಮಿನಿಯ ಮೂರು-ನಾಲ್ಕರ ನಡೆ ಏಳರದ್ದು, ಅದನ್ನು ಏಳು ಅಕ್ಷರದ ತ್ರಿವುಡೆ ತಾಳಕ್ಕೆ ಇಟ್ಟೆ. ಕೊನೆಯ ಒಂದು ಮಾತ್ರೆ ಖಾಲಿ ಬಿಟ್ಟು ಅಲ್ಲಿ ಉಸಿರು ತೆಗೆದುಕೊಂಡೆ. ಕನ್ನಡ ರ‍್ಯಾಪ್‌ನಲ್ಲಿ ಈ ರೀತಿ ಮಾತ್ರೆ ಎಣಿಸಿ ಕೂರಿಸಿದ ಕೆಲಸ ನಾನು ಬೇರೆ ಕಡೆ ಕೇಳಿಲ್ಲ, ಹೆಮ್ಮೆಯಿಂದಲೇ ಹೇಳುತ್ತೇನೆ.

ಪ್ರಾಸದ ವಿಷಯದಲ್ಲಿ ಒಂದು ಮಾತು. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಪ್ರತಿ ಸಾಲಿನ ಎರಡನೇ ಅಕ್ಷರದ ಪ್ರಾಸವನ್ನು ಬಿಟ್ಟು ಕನ್ನಡ ಕವಿತೆಗೆ ಹೊಸ ದಾರಿ ತೋರಿಸಿದವರು. ನಾನು ಅದೇ ನೆಲದಲ್ಲಿ ಕೂತು ಆ ಪ್ರಾಸವನ್ನು ಮತ್ತೆ ಹಿಡಿದುಕೊಂಡೆ. ರ‍್ಯಾಪರ್‌ಗಳು ಎಲ್ಲರೂ ಸಾಲಿನ ಕೊನೆಗೆ ಪ್ರಾಸ ಹಾಕುತ್ತಾರೆ. ನಾನು ಸಾಲಿನ ಮೊದಲಿಗೂ ಹಾಕಿದೆ. ಕೇಳುವವನಿಗೆ ಸಾಲು ಶುರುವಾಗುವಾಗಲೇ ಕೊಕ್ಕೆ ಬೀಳುತ್ತದೆ.

ರೆಕಾರ್ಡಿಂಗ್‌ನ ಕಷ್ಟ ಹಿಮ್ಮೇಳದವರಿಗೆ ಗೊತ್ತೇ ಇದೆ. ಪತ್ತನಾಜೆ, ಅಂದರೆ ಮೇ ಕೊನೆಗೆ ಆಟಗಳ ತಿರುಗಾಟ ಮುಗಿಯುವ ದಿನ, ಅದು ಕಳೆಯದೆ ಮೇಳದ ಕಲಾವಿದರು ಕೈಗೆ ಸಿಗುವುದಿಲ್ಲ. ಪತ್ತನಾಜೆ ಕಳೆದ ಕೂಡಲೇ ಮಳೆ. ಮಳೆಗೆ ಮದ್ದಳೆ, ಚೆಂಡೆಯ ಚರ್ಮ ಸಡಿಲ. ಮಂಗಳೂರಿನ ಒಂದು ಸ್ಟುಡಿಯೋದಲ್ಲಿ ಗಂಟೆಗೆ 700 ರೂಪಾಯಿ. ಮೊದಲ ದಿನ ಐದು ಗಂಟೆಯಲ್ಲಿ ಮೂರು ಗಂಟೆ ಮದ್ದಳೆಯ ಶ್ರುತಿ ಕೂಡಿಸುವುದರಲ್ಲೇ ಹೋಯಿತು. ಭಾಗವತರು ಹಾರ್ಮೋನಿಯಂ ಲೆಕ್ಕದ ಕಪ್ಪು ಎರಡರ ಶ್ರುತಿಯಲ್ಲಿ ಹಾಡುವವರು, ಮದ್ದಳೆ ಅಲ್ಲಿಗೆ ಏರಲೇ ಇಲ್ಲ. ಎಸಿ ಹಾಕಿದರೆ ಇನ್ನೊಂದು ತಕರಾರು. ಕೊನೆಗೆ ಒಂದು ಮರದ ಪೆಟ್ಟಿಗೆ ಮಾಡಿಸಿ, ಒಳಗೆ ಬಲ್ಬು ಇಟ್ಟು, ಹಿಂದಿನ ರಾತ್ರಿಯಿಂದ ಮದ್ದಳೆ, ಚೆಂಡೆ ಎರಡನ್ನೂ ಬೆಚ್ಚಗೆ ಇಟ್ಟೆವು. ಎಷ್ಟು ವ್ಯಾಟಿನ ಬಲ್ಬು, ಎಷ್ಟು ದೂರ, ಎಷ್ಟು ಹೊತ್ತು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ಒಂದು ಚರ್ಮ ಒಡೆದುಕೊಂಡಿದ್ದೇನೆ. ಚೆಂಡೆಗೆ ಮೈಕ್ ಎಲ್ಲಿ ಇಟ್ಟೆ ಎನ್ನುವುದನ್ನೂ ಕೇಳಬೇಡಿ. ಚೆಂಡೆಯ ಎದುರಿಗೆ ಅಂತೂ ಅಲ್ಲ.

ಮಿಕ್ಸಿಂಗ್‌ನಲ್ಲಿ 12,000 ನೀರಿಗೆ ಹೋಯಿತು. ಮೊದಲು ಮಿಕ್ಸ್ ಮಾಡಿದವರು ಚೆಂಡೆಯನ್ನು ಗದ್ದಲ ಎಂದು ತಿಳಿದು ಹಿಂದಕ್ಕೆ ತಳ್ಳಿದ್ದರು. ಎರಡನೆಯವರಿಗೆ ಕೊಡುವ ಮೊದಲು ಅವರನ್ನು ಒಂದು ರಾತ್ರಿ ಆಟಕ್ಕೆ ಕರೆದುಕೊಂಡು ಹೋಗಿ ಹಿಮ್ಮೇಳದ ಪಕ್ಕದಲ್ಲೇ ಕೂರಿಸಿದೆ. ಅವರಿಗೆ 30,000 ಕೊಟ್ಟೆ, ಒಂದು ರೂಪಾಯಿಯೂ ದಂಡ ಆಗಲಿಲ್ಲ. ಕಲಾವಿದರ ಸಂಭಾವನೆ ಎಲ್ಲ ಸೇರಿ 38,000 ಇರಬೇಕು. ಅಡಕೆ ಮಾರಿದ ದುಡ್ಡಿನಲ್ಲಿ ಅಪ್ಪ ಅರ್ಧ ಕೊಟ್ಟರು. ಕೊಡುವಾಗ, "ಈ ಸಲವಾದರೂ ನನಗೆ ಅರ್ಥ ಆಗುವ ಹಾಗೆ ಮಾಡು" ಎಂದರು. ಅಷ್ಟೇ ಹೇಳಿದ್ದು.

ಈಗ ಮುಖ್ಯ ವಿಷಯ. ಎಂಟು ಹಾಡು, 36 ನಿಮಿಷ, ಎಲ್ಲ ತಯಾರಿದೆ. ಮತ್ತೆ ಲಿಂಕ್ ಕಳಿಸುವುದಾ? ಸ್ಟ್ರೀಮಿಂಗ್‌ನಲ್ಲಿ 30 ಸೆಕೆಂಡ್ ಕೇಳಿದರೆ ಕೇಳಿದ ಲೆಕ್ಕ. ನನ್ನ ಮೊದಲ ಹಾಡಿನಲ್ಲಿ ನಾಲ್ಕು ಆವರ್ತ ಮುಗಿದು ಬೇಸ್ ಬಂದು ಕೂಡುವುದೇ ಮುಕ್ಕಾಲು ನಿಮಿಷಕ್ಕೆ. ಲಿಂಕಿನಲ್ಲಿ ಕೇಳಿದವರಿಗೆ ಅದು ಮುಟ್ಟುವುದೇ ಇಲ್ಲ.

ನನಗೆ ತಾಳಮದ್ದಳೆ ನೆನಪಾಯಿತು. ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಹಿಮ್ಮೇಳದ ಪದ, ಅದಕ್ಕೆ ಕೂತು ಹೇಳುವ ಮಾತು, ಅಂದರೆ ಅರ್ಥ, ಅಷ್ಟೇ. ಆದರೂ ನಮ್ಮ ಜನ ಮಳೆಗಾಲದ ರಾತ್ರಿ ಮೂರು ನಾಲ್ಕು ಗಂಟೆ ಕೂತು ಅರ್ಥ ಕೇಳುತ್ತಾರೆ. ಮುಗಿದ ಮೇಲೆ ಚಹಾ ಕುಡಿಯುತ್ತಾ ಯಾವ ಅರ್ಥಧಾರಿ ಎಲ್ಲಿ ಎಡವಿದ ಎಂದು ಮುಖಕ್ಕೇ ಹೇಳುತ್ತಾರೆ. ವಿಮರ್ಶೆ ಅಂದರೆ ನಮ್ಮಲ್ಲಿ ಮೊದಲಿನಿಂದಲೂ ಅದೇ. ಹಾಗಾದರೆ ನನ್ನ ಆಲ್ಬಮ್‌ಗೂ ಕೂಟ ಯಾಕೆ ಆಗಬಾರದು?

ಯಾರೂ ಒಪ್ಪಲಿಲ್ಲ. ರ‍್ಯಾಪ್ ಕೇಳಲಿಕ್ಕೆ ಹಿರಿಯರು ಬರ್ತಾರಾ ಎಂದು ಗೆಳೆಯರು. ಬಿಡುಗಡೆ ಮೊದಲೇ ಕೇಳಿಸಿದರೆ ಹಾಡು ಸೋರಿ ಹೋಗ್ತದೆ ಎಂದು ವಿತರಣೆಯವರು. ನಾನು ಬಿಡಲಿಲ್ಲ. ಪೆರ್ಲ, ಉಪ್ಪಳ, ಮುಳ್ಳೇರಿಯ, ಕುಂಬಳೆ, ಮಂಜೇಶ್ವರ, ಹೀಗೆ ಹನ್ನೊಂದು ಕೂಟ ಮಾಡಿದೆ. ಯಾರದಾದರೂ ಮನೆಯ ಚಾವಡಿ. ಹದಿನೈದು ಇಪ್ಪತ್ತು ಜನ. ಎರಡು ಸ್ಪೀಕರ್. ಕೈಗೆ ಪದಗಳ ಪುಸ್ತಿಕೆ. ಮಧ್ಯದಲ್ಲಿ ಏಳುವ ಹಾಗಿಲ್ಲ. ಮದ್ದಳೆಯವರು ಮದ್ದಳೆ ಹಿಡಿದುಕೊಂಡೇ ಪಕ್ಕದಲ್ಲಿ ಇರುತ್ತಾರೆ. ಕೇಳಿ ಮುಗಿದ ಮೇಲೆ ಕಾಲು ಗಂಟೆ ನಾನು ಬಾಯಿ ಬಿಡುವ ಹಾಗಿಲ್ಲ. ಈ ಕೊನೆಯ ನಿಯಮವೇ ಎಲ್ಲಕ್ಕಿಂತ ಕಷ್ಟದ್ದು, ಎಲ್ಲಕ್ಕಿಂತ ಲಾಭದ್ದೂ ಹೌದು.

ಮೊದಲ ಎರಡು ಕೂಟ ಚೆನ್ನಾಗಿ ಆಗಲಿಲ್ಲ. ಒಂದರಲ್ಲಿ ಮೂರನೇ ಹಾಡಿಗೆ ಕರೆಂಟು ಹೋಯಿತು, ಮತ್ತೆ ಬರಲೇ ಇಲ್ಲ. ಇನ್ನೊಂದರಲ್ಲಿ ಮೊದಲೇ ತಿಂಡಿ ಕೊಟ್ಟೆ, ಗೋಳಿಬಜೆ ಬಿಸಿ ಇತ್ತು, ಯಾರ ಗಮನವೂ ಹಾಡಿನ ಮೇಲೆ ಇರಲಿಲ್ಲ. ಅಲ್ಲಿಂದ ಮೇಲೆ ತಿಂಡಿ ಕೊನೆಗೆ. ಒಂದು ಕೂಟಕ್ಕೆ 1,800ರ ಹಾಗೆ ಬಿತ್ತು.

ಮೂರನೆಯದರಿಂದ ಫಲ ಬರತೊಡಗಿತು. ನಿವೃತ್ತ ಮೇಷ್ಟ್ರು ಒಬ್ಬರು ಎರಡನೇ ಹಾಡಿನ ಆರು ಸಾಲು ಗುರುತು ಮಾಡಿ, ಇಲ್ಲಿ ಗಣ ಕೆಟ್ಟಿದೆ, ನಾಲಗೆ ಎಳೆದು ಮುಚ್ಚಿದ್ದೀಯ ಎಂದರು. ಸರಿಯಾಗಿತ್ತು. ಆ ಹಾಡು ಮತ್ತೆ ಹಾಡಿದೆ. ಅಮ್ಮನ ಪ್ರಾಯದ ಒಬ್ಬರು, ಐದನೇ ಹಾಡಿನ ಇಂಗ್ಲಿಷ್ ಪಲ್ಲವಿ ಬಂದ ಕೂಡಲೇ ನೀನು ಬೇರೆ ಮನುಷ್ಯ ಆಗ್ತೀಯಪ್ಪ ಎಂದರು. ಪಲ್ಲವಿ ತೆಗೆದೆ.

ಪುಸ್ತಿಕೆಯ ವಿಷಯ ನಮ್ಮ ಜಿಲ್ಲೆಯವರಿಗೆ ಮಾತ್ರ ಸರಿಯಾಗಿ ಅರ್ಥ ಆಗುತ್ತದೆ. ಇಲ್ಲಿ ಮನೆಯಲ್ಲಿ ಕನ್ನಡ ಮಾತನಾಡುವ, ಆದರೆ ಶಾಲೆಯಲ್ಲಿ ಮಲಯಾಳ ಮಾತ್ರ ಓದಿದ ಮಕ್ಕಳು ಎಷ್ಟೋ ಇದ್ದಾರೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿ ಗಡಿ ಬಿದ್ದದ್ದು ನಕ್ಷೆಯ ಮೇಲೆ. ಅದು ಈಗ ಮನೆಯೊಳಗೆ ಅಜ್ಜ ಮೊಮ್ಮಗನ ನಡುವೆ ಬಂದು ಕೂತಿದೆ. ನನ್ನ ಅಕ್ಕನ ಮಗನೇ ನನ್ನ ಪದ ಓದಲಾರ. ಅದಕ್ಕೆ ಒಂದು ಪುಟದಲ್ಲಿ ಕನ್ನಡ, ಎದುರು ಪುಟದಲ್ಲಿ ಅದೇ ಕನ್ನಡ ಮಾತು ಮಲಯಾಳ ಲಿಪಿಯಲ್ಲಿ, ಕೆಳಗೆ ಮಲಯಾಳದಲ್ಲಿ ಅರ್ಥ. 300 ಪ್ರತಿ, ಒಂದಕ್ಕೆ 45 ರೂಪಾಯಿ ಬಿತ್ತು. ಕನ್ನಡದವನೊಬ್ಬ ಮಲಯಾಳ ಲಿಪಿ ಹಾಕಿದ್ದಕ್ಕೆ ಬೈದವರೂ ಇದ್ದಾರೆ. ಆದರೆ ಆ ಹುಡುಗರು ಮೊದಲ ಬಾರಿಗೆ ತಮ್ಮ ಮನೆಮಾತನ್ನು ಗಟ್ಟಿಯಾಗಿ ಓದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮಲಯಾಳದ ಮೂರು ವಿಮರ್ಶೆ ಬಂದದ್ದೂ ಈ ಪುಸ್ತಿಕೆಯಿಂದಲೇ.

ಉಪ್ಪಳದ ಕೂಟದಲ್ಲಿ ಒಂದು ಬೇರೆಯೇ ಪ್ರಯೋಗ ಆಯಿತು. ಬ್ಯಾರಿ ಮಾತನಾಡುವ ಹುಡುಗರು ದಫ್ (ಕೈಯಲ್ಲಿ ಹಿಡಿದು ಬಡಿಯುವ ವಾದ್ಯ) ತಂದಿದ್ದರು. ಏಳನೇ ಹಾಡಿಗೆ ಕೂತಲ್ಲಿಯೇ ಹೊಡೆಯತೊಡಗಿದರು. ಅಲ್ಲಿಯೇ ರೆಕಾರ್ಡ್ ಮಾಡಿಕೊಂಡೆ, ಆಲ್ಬಮ್‌ನಲ್ಲಿ ಅದು ಹಾಗೆಯೇ ಉಂಟು, ಹಿಂದೆ ಮಳೆಯ ಸದ್ದೂ ಕೇಳುತ್ತದೆ. ಇದೇ ಧೈರ್ಯದಲ್ಲಿ ತುಳುವಿನ ಕಥೆ ಹೇಳುವ ಜನಪದ ಹಾಡು ಪಾಡ್ದನದ ಧಾಟಿಯಲ್ಲಿ ಒಂದು ಹಾಡು ಮಾಡಲು ಹೋದೆ. ಆಗಲಿಲ್ಲ. ಪಾಡ್ದನ ತನ್ನ ವೇಗದಲ್ಲೇ ಹೋಗುತ್ತದೆ, ಮೆಟ್ರೊನೋಮ್‌ಗೆ ಬಗ್ಗುವುದಿಲ್ಲ. ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವವರ ಕೈಯ ಓಟವೇ ಅದರ ತಾಳ. ಮುಂದೊಮ್ಮೆ ಗದ್ದೆಯಲ್ಲೇ ರೆಕಾರ್ಡ್ ಮಾಡಿ ನೋಡಬೇಕು.

ಕೂಟಕ್ಕೆ ಬಂದವರಲ್ಲಿ ಪತ್ರಿಕೆಗೆ ಬರೆಯುವವರು ನಾಲ್ಕೈದು ಜನ ಇದ್ದರು. ಬಿಡುಗಡೆಯ ವಾರವೇ ಅವರ ಬರಹ ಬಂತು. ಅದನ್ನು ನೋಡಿ ಉಳಿದವರು ಕೇಳಿ ಬರೆದರು. ಬೆಂಗಳೂರಿನ ಒಬ್ಬರು ತುಂಬಾ ಹೊಗಳಿದ್ದರು, ಜಾನಪದದ ಸೊಗಡು ಎಂದೆಲ್ಲ. ನನಗೆ ಅದು ಅಷ್ಟು ಹಿಡಿಸಲಿಲ್ಲ. ಚೆಂಡೆಯನ್ನು ಒಗ್ಗರಣೆ ಎಂದು ತಿಳಿದಿದ್ದಾರೆ. ಅದು ಅನ್ನ. ಇನ್ನೊಬ್ಬರು ಯಕ್ಷಗಾನದ ಕಡೆಯವರು. ಇದು ಅಪಚಾರ ಎಂದು ಕಟುವಾಗಿಯೇ ಬರೆದರು. ಆದರೆ ಬೈಯುವಾಗ ಎಂಟು ಹಾಡಿನ ತಾಳವನ್ನೂ ಒಂದೊಂದಾಗಿ ಸರಿಯಾಗಿ ಹೆಸರಿಸಿದ್ದರು. ನಾಲ್ಕನೇ ಹಾಡಿನಲ್ಲಿ ತ್ರಿವುಡೆಯಿಂದ ರೂಪಕಕ್ಕೆ ದಾಟುವಲ್ಲಿ ಅರ್ಧ ಅಕ್ಷರ ಜಾರಿದ್ದನ್ನೂ ಹಿಡಿದಿದ್ದರು. ತಾಳ ತಪ್ಪಿದ್ದು ಎಲ್ಲಿ ಎಂದು ಹೇಳಲು ಅವರಿಗೆ ಆಗಿದೆ ಎಂದರೆ ಉಳಿದ ಕಡೆ ತಾಳ ನಿಂತಿದೆ ಎಂದೇ ಅರ್ಥ. ಒಂಬತ್ತರಲ್ಲಿ ನಾನು ಕತ್ತರಿಸಿ ಇಟ್ಟುಕೊಂಡದ್ದು ಅದೊಂದನ್ನೇ.

ಅಮೆರಿಕದ ರ‍್ಯಾಪ್ ತಂಡ ಬೀಸ್ಟಿ ಬಾಯ್ಸ್ ಮೊದಲ ಆಲ್ಬಮ್‌ನಲ್ಲಿ ಅಲ್ಲಿನ ಮಾರಾಟದ ಪಟ್ಟಿಯ ತುದಿಗೆ ಹೋದವರು. 1989ರಲ್ಲಿ ಎರಡನೆಯದರಲ್ಲಿ ನೂರಕ್ಕೂ ಹೆಚ್ಚು ಹಳೆಯ ದನಿಮುದ್ರಿಕೆಗಳ ತುಣುಕು ಸೇರಿಸಿ ಬೇರೆಯೇ ದಾರಿ ಹಿಡಿದರು, ಮಾರಾಟದಲ್ಲಿ ಅದು ಬಿತ್ತು. ಅದು ಎಷ್ಟು ದೊಡ್ಡ ಕೆಲಸ ಎಂದು ಜಗತ್ತು ಒಪ್ಪಲು ವರ್ಷಗಟ್ಟಲೆ ಬೇಕಾಯಿತು. ಅವರ ಕಂಪನಿಗೆ ಕಾಯುವಷ್ಟು ದುಡ್ಡಿತ್ತು. ನನಗೆ ಅಡಕೆಯ ದುಡ್ಡು, ಮುಂದಿನ ಕೊಯ್ಲಿನ ತನಕ ಮಾತ್ರ ಕಾಯಬಹುದು. ಹಾಗಾಗಿ ಕೇಳುವವರನ್ನು ನಾನೇ ಹುಡುಕಿಕೊಂಡು ಹೋದೆ.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಸ್ಟ್ರೀಮಿಂಗ್‌ನಿಂದ ಈವರೆಗೆ 9,000 ಬಂದಿರಬಹುದು. ಪುಸ್ತಿಕೆ 100 ರೂಪಾಯಿಗೆ ಒಂದರಂತೆ ಇನ್ನೂರರ ಮೇಲೆ ಹೋಯಿತು. ವಿಮರ್ಶೆ ನೋಡಿ ಆರು ಕಡೆ ಕಾರ್ಯಕ್ರಮಕ್ಕೆ ಕರೆದರು, ಒಂದಕ್ಕೆ ಇಪ್ಪತ್ತೈದು ಸಾವಿರದ ಸುತ್ತಮುತ್ತ. ಹಿಮ್ಮೇಳದವರಿಗೆ ಕೊಟ್ಟು ಉಳಿದದ್ದು ಕೈಯಲ್ಲಿ ಅರ್ಧ. ಹಾಕಿದ್ದು ಪೂರ್ತಿ ಬಂದಿಲ್ಲ, ಮುಕ್ಕಾಲು ಪಾಲು ಬಂದಿದೆ. ಅಪ್ಪನ ದುಡ್ಡು ಮೊದಲು ಕೊಟ್ಟೆ. ಅವರು ಬದಿಯಡ್ಕದ ಕೂಟದಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದರು. ಪುಸ್ತಿಕೆ ತೆರೆದಿರಲಿಲ್ಲ, ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

ನಾಲ್ಕನೇ ಹಾಡಿನ ಆ ಅರ್ಧ ಅಕ್ಷರ ಇನ್ನೂ ಸರಿಯಾಗಿಲ್ಲ. ಆ ವಿಮರ್ಶೆ ಬರೆದವರಿಗೆ ಫೋನ್ ಮಾಡಿ ಮನೆಗೆ ಬರಲಾ ಎಂದು ಕೇಳಿದೆ. ಪತ್ತನಾಜೆ ಕಳೆದು ಬಾ, ಮದ್ದಳೆಯವರನ್ನೂ ಕರೆದುಕೊಂಡು ಬಾ ಎಂದಿದ್ದಾರೆ.