ಮಲೆನಾಡಿನ ಮಳೆಗಾಲದಲ್ಲಿ ಇಗುವಾನ ಸಾಕಣೆ

ಹಸಿರು ಇಗುವಾನ ಮಧ್ಯ ಮತ್ತು ದಕ್ಷಿಣ ಅಮೆರಿಕದ ಬೆಚ್ಚನೆಯ ಕಾಡುಗಳ ದೊಡ್ಡ ಹಲ್ಲಿ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿರುವ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಅಪರೂಪವಾಗುವ ಊರು. ಇಲ್ಲಿ ಇಗುವಾನ ಸಾಕುವುದೆಂದರೆ ಮುಖ್ಯವಾಗಿ ಶಾಖವನ್ನೂ ಬೆಳಕನ್ನೂ ಕಾಪಾಡಿಕೊಳ್ಳುವುದು; ಉಳಿದದ್ದೆಲ್ಲ ಆಮೇಲಿನ ಮಾತು ಎಂಬುದು ಹಲವು ವರ್ಷಗಳಿಂದ ಒಂದು ಹೆಣ್ಣು ಇಗುವಾನವನ್ನು ಸಾಕುತ್ತಿರುವ ನನ್ನ ಅಭಿಪ್ರಾಯ.

ಅಂಗಡಿಯಲ್ಲಿ ಅಂಗೈಯ ಮೇಲೆ ಕೂರುವ ಮರಿ, ಬೆಳೆದಾಗ ಬಾಲವೂ ಸೇರಿ 5 ಅಡಿಯಷ್ಟಾಗುತ್ತದೆ. ಸರಿಯಾಗಿ ನೋಡಿಕೊಂಡರೆ 15 ವರ್ಷವಾದರೂ ಬದುಕಬಲ್ಲದು. ಆದ್ದರಿಂದ ಗಾಜಿನ ತೊಟ್ಟಿಗೆ ದುಡ್ಡು ಹಾಕದೆ, ಬಡಗಿಯಿಂದ ಸಿಲ್ವರ್ ಓಕ್ ಹಲಗೆಯಲ್ಲಿ 6 ಅಡಿ ಉದ್ದ, 6 ಅಡಿ ಎತ್ತರ ಮತ್ತು 3 ಅಡಿ ಅಗಲದ ಗೂಡು ಮಾಡಿಸಿದೆ. ಒಂದು ಮೂಲೆಯ ಮೇಲ್ಭಾಗದಲ್ಲಿ ಬಲ್ಬ್ ಇದೆ, ಅದರ ಕೆಳಗೆ ಸೀಬೆ ಮರದ ದಪ್ಪ ಕೊಂಬೆಯಿದೆ. ಹಗಲು ಆ ಕೊಂಬೆಯ ಮೇಲೆ 33ರಿಂದ 35 ಡಿಗ್ರಿ ಸೆಲ್ಸಿಯಸ್, ಎದುರು ಮೂಲೆಯಲ್ಲಿ 27 ಡಿಗ್ರಿ ಇರುವಂತೆ ಎರಡು ಥರ್ಮಾಮೀಟರ್ ಇಟ್ಟು ಹೊಂದಿಸಿದ್ದೇನೆ. ಬಿಸಿ ಸಾಕೆನಿಸಿದಾಗ ಅದೇ ಆಚೆಗೆ ಸರಿಯುತ್ತದೆ. ಬಲ್ಬಿಗೆ ತಂತಿ ಜಾಲರಿ ಕಟ್ಟಲೇಬೇಕು, ಇಲ್ಲವಾದರೆ ಅದಕ್ಕೆ ಮೈ ಒತ್ತಿ ಚರ್ಮ ಸುಟ್ಟುಕೊಳ್ಳುತ್ತದೆ.

ಬರೀ ಶಾಖ ಸಾಲದು. ಬಿಸಿಲಿನಲ್ಲಿರುವ ಯುವಿ-ಬಿ ಎಂಬ ಅತಿನೇರಳೆ ಕಿರಣ ಬೀಳದಿದ್ದರೆ ಅದರ ಮೈಯಲ್ಲಿ ಡಿ3 ಜೀವಸತ್ವ ತಯಾರಾಗುವುದಿಲ್ಲ. ತಿಂದ ಕ್ಯಾಲ್ಸಿಯಂ ಮೈಗೆ ಹತ್ತದೆ ದವಡೆ ಮೆತ್ತಗಾಗಿ, ಕಾಲಿನ ಮೂಳೆ ಬಾಗುತ್ತದೆ. ಕಿಟಕಿಯ ಗಾಜು ಈ ಕಿರಣವನ್ನು ತಡೆಯುವುದರಿಂದ, ಬೇಸಿಗೆಯಲ್ಲಿ ಅರ್ಧ ನೆರಳಿರುವ ಜಾಲರಿಯ ಪೆಟ್ಟಿಗೆಯಲ್ಲಿಟ್ಟು ತಾರಸಿಯ ಬಿಸಿಲಿಗೆ ಬಿಡುತ್ತೇನೆ. ಮಳೆಗಾಲಕ್ಕೆ ಯುವಿ-ಬಿ ಟ್ಯೂಬ್ ಒಂದೇ ದಾರಿ. ಅದು ನೋಡಲು ಚೆನ್ನಾಗಿ ಉರಿಯುತ್ತಿದ್ದರೂ ಕ್ರಮೇಣ ಒಳಗಿನ ಕಿರಣದ ಶಕ್ತಿ ಕುಂದಿರುತ್ತದೆಯಾದ್ದರಿಂದ, ವರ್ಷಕ್ಕೊಮ್ಮೆ ಮೇ ತಿಂಗಳಿನಲ್ಲೇ ಬದಲಾಯಿಸುತ್ತೇನೆ.

ರಾತ್ರಿ ಬೆಳಕು ಬೀರದ ಸೆರಾಮಿಕ್ ಹೀಟರ್ ಉರಿಸಿ 22 ಡಿಗ್ರಿಗಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾದರೆ ಕರೆಂಟ್ ಯಾವಾಗ ಬರುತ್ತದೆಂದು ಹೇಳಲಾಗದು. ಇನ್ವರ್ಟರ್ ಕೆಲವು ಗಂಟೆಗಳಷ್ಟೇ ಎಳೆಯುತ್ತದೆ. ಆಮೇಲೆ ಬಿಸಿನೀರಿನ ರಬ್ಬರ್ ಚೀಲವನ್ನು ಟವೆಲ್‌ನಲ್ಲಿ ಸುತ್ತಿ ಒಳಗಿಟ್ಟು, ಗೂಡಿನ ಮೇಲೆ ಕಂಬಳಿ ಹೊದಿಸುತ್ತೇನೆ. ಬಚ್ಚಲೊಲೆ ಉರಿಯುವ ಮನೆಯಲ್ಲಿ ಬಿಸಿನೀರಿಗಂತೂ ಬರವಿಲ್ಲ. ಅಂಥ ದಿನ ಮೇವು ಹಾಕುವುದಿಲ್ಲ, ಏಕೆಂದರೆ ಎಲೆಯನ್ನು ಕರುಳಿನಲ್ಲಿ ಹುದುಗಿಸಿ ಜೀರ್ಣಿಸುವ ಈ ಪ್ರಾಣಿಗೆ ಮೈ ಬೆಚ್ಚಗಿಲ್ಲದಿದ್ದರೆ ತಿಂದದ್ದು ಕರಗುವುದಿಲ್ಲ.

ಮೇವಿನ ವಿಷಯದಲ್ಲಿ ನಮ್ಮ ಊರು ಉದಾರಿ. ನುಗ್ಗೆಸೊಪ್ಪು, ದಾಸವಾಳದ ಎಲೆ ಮತ್ತು ಹೂ, ಹಿಪ್ಪುನೇರಳೆ ಎಲೆ, ತುರಿದ ಸಿಹಿಕುಂಬಳ, ಸಣ್ಣಗೆ ಹೆಚ್ಚಿದ ಹುರುಳಿಕಾಯಿ ಇವಿಷ್ಟನ್ನು ನೀರು ಚಿಮುಕಿಸಿ ಬೆಳಿಗ್ಗೆ ಕೊಡುತ್ತೇನೆ. ಪಾಲಕ್‌ನಲ್ಲಿರುವ ಆಕ್ಸಲೇಟ್ ಎಂಬ ಅಂಶವು ಕ್ಯಾಲ್ಸಿಯಂ ಅನ್ನು ಹಿಡಿದಿಡುವುದರಿಂದ ಅದನ್ನು ದೂರವಿಟ್ಟಿದ್ದೇನೆ. ಮೊಟ್ಟೆ, ಮಾಂಸ ಮೂತ್ರಪಿಂಡಕ್ಕೆ ಹಾನಿ. ಕಾಫಿ ತೋಟದ ಬೇಲಿಯಿಂದ ದಾಸವಾಳ ಕೀಳುವವರು ಗಿಡಗಳ ರೋಗಕ್ಕೆಂದು ತಾಮ್ರದ ಬೋರ್ಡೊ ದ್ರಾವಣ ಹೊಡೆಯುವ ಸಮಯದಲ್ಲಿ ಎಚ್ಚರದಿಂದಿರಬೇಕು. ಎಲೆಯ ಮೇಲಿನ ನೀಲಿ ಕಲೆ ತಾಮ್ರದ್ದು. ಗೂಡಿನ ಹಲಗೆಯ ಮೇಲೆ ಕಾಣುವ ಬಿಳಿ ಚುಕ್ಕೆಗಳಿಗೆ ಮಾತ್ರ ಗಾಬರಿ ಬೇಡ: ಇಗುವಾನ ಹೆಚ್ಚಿನ ಉಪ್ಪನ್ನು ಮೂಗಿನಿಂದ ಸೀನಿ ಹೊರಹಾಕುತ್ತದೆ. ಇಗುವಾನವನ್ನು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಸಾಲ್ಮೊನೆಲ್ಲಾ ಎಂಬ ರೋಗಾಣು ಹರಡಬಲ್ಲದು.

"ಸಾರ್, ಇದು ಉಡ ಅಲ್ವಾ, ಫಾರೆಸ್ಟ್‌ನವರು ಬರಲ್ವಾ?" ಎಂದು ಅಕ್ಕಪಕ್ಕದವರು ಕೇಳುತ್ತಾರೆ. ಉಡವನ್ನು ಸಾಕುವುದು ಅಪರಾಧವೇ ಹೌದು. ಇಗುವಾನವನ್ನು ಸಾಕಬಹುದಾದರೂ, 2022ರ ವನ್ಯಜೀವಿ ತಿದ್ದುಪಡಿ ಕಾಯ್ದೆ ಮತ್ತು 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನೋಂದಣಿ ಪತ್ರದ ಪ್ರತಿಯನ್ನು ಗೂಡಿನ ಬಾಗಿಲಿಗೇ ಅಂಟಿಸಿದ್ದೇನೆ.

ಹೆಣ್ಣು ಇಗುವಾನ ಗಂಡಿನ ಜೊತೆಯಿಲ್ಲದೆಯೂ ಮೊಟ್ಟೆಯಿಡುತ್ತದೆ. ಮೇವು ಬಿಟ್ಟು ಮೂಲೆ ಕೆರೆಯತೊಡಗಿದಾಗ, ಒದ್ದೆ ಮರಳು-ಮಣ್ಣು ತುಂಬಿದ ಮುಚ್ಚಿದ ಡಬ್ಬಿಯನ್ನು ಒಳಗಿಡುತ್ತೇನೆ. ಅಗೆಯಲು ಜಾಗ ಸಿಗದಿದ್ದರೆ ಮೊಟ್ಟೆಗಳು ಒಳಗೇ ಉಳಿದು ಜೀವಕ್ಕೆ ಅಪಾಯ. ಮೇವು ಬಿಟ್ಟದ್ದರ ಜೊತೆಗೆ ಮಂಕಾಗಿ ಬಿದ್ದುಕೊಂಡರೆ ಕಾಯಬಾರದು, ಸರೀಸೃಪಗಳನ್ನು ನೋಡುವ ಪಶುವೈದ್ಯರನ್ನು ಹುಡುಕಿ ಬೆಂಗಳೂರಿಗಾದರೂ ಕರೆದೊಯ್ದು ಎಕ್ಸ್‌ರೇ ತೆಗೆಸಬೇಕು. ಆ ವೈದ್ಯರ ಫೋನ್ ನಂಬರನ್ನು ಮರಿ ತರುವ ಮೊದಲೇ ಪಡೆದಿಟ್ಟುಕೊಳ್ಳುವುದು ಒಳ್ಳೆಯದು.