ಲೆನ್ಸ್ ಕ್ಲಾಕ್ ತೋರಿಸುವ ಅಂಕಿಯನ್ನು ಎಷ್ಟು ನಂಬಬಹುದು?

ಲೆನ್ಸಿನ ಬಾಗು ಅಳೆಯುವ ಲೆನ್ಸ್ ಕ್ಲಾಕ್ ನೋಡಲು ಜೇಬು ಗಡಿಯಾರದ ಹಾಗಿರುತ್ತದೆ. ಕೆಳಗೆ ಮೂರು ಪಿನ್. ಆಚೀಚೆಯ ಎರಡು ಅಲುಗುವುದಿಲ್ಲ, ನಡುವಿನದು ಸ್ಪ್ರಿಂಗ್ ಮೇಲೆ ಜಾರುತ್ತದೆ. ಮುಳ್ಳು ತೋರಿಸುವುದು ಡಯಾಪ್ಟರ್, ಅಂದರೆ ಲೆನ್ಸಿನ ಪವರ್ ಅಳೆಯುವ ಮಾನ. ಆದರೆ ಉಪಕರಣ ನಿಜಕ್ಕೂ ಅಳೆಯುವುದು ನಡುವಿನ ಪಿನ್ ಎಷ್ಟು ಸರಿಯಿತು ಎಂಬುದನ್ನಷ್ಟೇ.

ಅದು ಎಷ್ಟು ಚಿಕ್ಕ ಅಳತೆ ನೋಡಿ. ಹೊರಗಿನ ಪಿನ್‌ಗಳ ನಡುವೆ 20 ಮಿ.ಮೀ. ಇದೆ ಎನ್ನೋಣ. 6 ಡಯಾಪ್ಟರ್ ತೋರಿಸುವಾಗ ನಡುವಿನ ಪಿನ್ ಸರಿಯುವುದು ಸುಮಾರು 0.57 ಮಿ.ಮೀ. ಮಾತ್ರ. ಅದರಲ್ಲಿ 0.01 ಮಿ.ಮೀ. ತಪ್ಪಿದರೂ 0.1 ಡಯಾಪ್ಟರ್ ಹೆಚ್ಚುಕಡಿಮೆ ಆಗುತ್ತದೆ. ಬಾಗಿನ ತ್ರಿಜ್ಯ 1 ಮೀಟರ್ ಇರುವ, ಹೆಚ್ಚುಕಡಿಮೆ ಚಪ್ಪಟೆ ಲೆನ್ಸ್ ಆದರೆ ಪಿನ್ ಸರಿಯುವುದೇ 0.05 ಮಿ.ಮೀ. ಅದೇ ಸಣ್ಣ ತಪ್ಪಿಗೆ ತ್ರಿಜ್ಯದ ಲೆಕ್ಕ ಐದನೇ ಒಂದು ಭಾಗ ಕೆಡುತ್ತದೆ!

ಹಾಗಾಗಿ ಮೊದಲು ಸೊನ್ನೆ ನೋಡಿ. ಆಪ್ಟಿಕಲ್ ಫ್ಲಾಟ್ (ಅತಿ ನಿಖರವಾಗಿ ಚಪ್ಪಟೆ ಮಾಡಿದ ಗಾಜು) ಮೇಲೆ ಇಟ್ಟಾಗ ಮುಳ್ಳು ಸೊನ್ನೆಗೇ ನಿಲ್ಲಬೇಕು. ಕೈಗೆ ಸಿಕ್ಕ ಗಾಜಿನ ಚೂರು ಇದಕ್ಕೆ ಸಾಲದು. ಸೊನ್ನೆ ಸರಿಯಿದ್ದರೂ ಅಲ್ಲಿಗೆ ನಿಲ್ಲಿಸಬೇಡಿ, ತ್ರಿಜ್ಯ ಗೊತ್ತಿರುವ ಮಾದರಿ ಗಾಜಿನ ಮೇಲೂ ಇಟ್ಟು ನೋಡಿ. ಉಬ್ಬು, ತಗ್ಗು ಎರಡೂ ಬೇಕು. ಈ ಹೆಜ್ಜೆಯನ್ನೇ ಜಾಸ್ತಿ ಜನ ಬಿಟ್ಟುಬಿಡುತ್ತಾರೆ.

ಈಗ ಲೆನ್ಸ್ ಒರೆಸಿ, ಉಪಕರಣವನ್ನು ನೆಟ್ಟಗೆ ಇಡಿ. ಮೂರೂ ಪಿನ್ ತಾಗಿರಲಿ. ಮೆಲ್ಲಗೆ ಹಿಂದೆ ಮುಂದೆ ಓಲಿಸಿ: ವಾಲಿದಾಗ ಅಂಕಿ ಏರುತ್ತದೆ, ಆದ್ದರಿಂದ ಕಾಣುವ ಅತಿ ಕಡಿಮೆ ಅಂಕಿಯೇ ಸರಿ. ಜಾಗ ಬದಲಿಸುವಾಗ ಸುಮ್ನೆ ಎಳೆಯಬೇಡಿ, ಎತ್ತಿ ಇಡಿ. ಪ್ಲಾಸ್ಟಿಕ್ ಲೆನ್ಸಿಗೆ ಗೀರು ಬೀಳುತ್ತದೆ. ನಡುವಿನ ಪಿನ್ ಇದ್ದ ಜಾಗ ಬಿಟ್ಟು ಕದಲದಂತೆ ಬೇರೆ ಬೇರೆ ದಿಕ್ಕಿಗೆ ತಿರುಗಿಸಿಯೂ ನೋಡಿ. ಅಂಕಿ ಬದಲಾದರೆ ಆ ಮೈಯಲ್ಲಿ ಸಿಲಿಂಡರ್ ಇದೆ, ಅಂದರೆ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲ ಎಂದರ್ಥ.

ಕೊನೆಗೆ ಲೆಕ್ಕ. ಡಯಲ್ ಮೇಲಿನ ಅಂಕಿಗಳನ್ನು ಸಾಮಾನ್ಯವಾಗಿ 1.53 ವಕ್ರೀಭವನ ಸೂಚ್ಯಂಕಕ್ಕೆ (ಲೆನ್ಸಿನ ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಬರೆದಿರುತ್ತಾರೆ. ನಿಮ್ಮ ಲೆನ್ಸ್ ಪಾಲಿಕಾರ್ಬೊನೇಟ್ ಆದರೆ ಸೂಚ್ಯಂಕ 1.586. ಎರಡೂ ಸೂಚ್ಯಂಕದಿಂದ 1 ಕಳೆಯಿರಿ; ಡಯಲ್ ಅಂಕಿಯನ್ನು 0.586ರಿಂದ ಗುಣಿಸಿ 0.53ರಿಂದ ಭಾಗಿಸಿ. ಡಯಲ್ 6 ಅಂದರೆ ಆ ಮೈಯ ನಿಜವಾದ ಪವರ್ 6.63. ಇಷ್ಟು ದೊಡ್ಡ ವ್ಯತ್ಯಾಸ ಉಪಕರಣದ ದೋಷವಲ್ಲ, ಲೆಕ್ಕ ಬಿಟ್ಟವರದು. ಬೇಕಾದದ್ದು ಬರೀ ತ್ರಿಜ್ಯವಾದರೆ 0.53ನ್ನು ಡಯಲ್ ಅಂಕಿಯಿಂದ ಭಾಗಿಸಿದರೆ ಸಾಕು, ಉತ್ತರ ಮೀಟರಿನಲ್ಲಿ ಬರುತ್ತದೆ.

ಇನ್ನೂ ನಿಖರವಾಗಿ ಬೇಕೇ? ಕಾಲುಗಳ ಅಂತರ ಹೆಚ್ಚಿರುವ ಸ್ಫೆರೋಮೀಟರ್ (ಇದೇ ರೀತಿ ಬಾಗು ಅಳೆಯುವ ಉಪಕರಣ) ಹಿಡಿಯಿರಿ. ಅಂತರ ಎರಡರಷ್ಟಾದರೆ ಅಳೆಯಬೇಕಾದ ಎತ್ತರ ಸುಮಾರು ನಾಲ್ಕರಷ್ಟಾಗುತ್ತದೆ, ಲೆನ್ಸ್ ಅಷ್ಟು ಅಗಲ ಇರಬೇಕು ಅಷ್ಟೇ.